ಯೂರೋಪ್ ವ್ಯಾಪಾರ ಪ್ರವಾಸ: ವೀಸಾ ಸಿದ್ಧತೆ ಲೆಕ್ಕಪುಸ್ತಕದಿಂದಲೇ ಆರಂಭವಾಗಲಿ



ನಮ್ಮ ಜಿಲ್ಲೆಯ ವರ್ತಕರಿಗೆ ವಿದೇಶ ಪ್ರಯಾಣವೆಂಬುದು ಇಂದು ದೂರದ ಮಾತಾಗಿ ಉಳಿದಿಲ್ಲ. ಕೇಂದ್ರ ಸರ್ಕಾರದ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಡಿ ಮಂಡ್ಯ ಜಿಲ್ಲೆಗೆ ಬೆಲ್ಲ ಆಯ್ಕೆಯಾಗಿದೆ. ಮದ್ದೂರಿನ ಎಳನೀರು ಮಾರುಕಟ್ಟೆಯ ಹೆಸರು ಹೊರರಾಜ್ಯಗಳಲ್ಲಿಯೂ ಪರಿಚಿತ. ಮಳವಳ್ಳಿ ಭಾಗದ ರೇಷ್ಮೆ ಬೆಳೆಗಾರರನ್ನೂ ನಾವು ಬಲ್ಲೆವು. ಹೊರದೇಶದ ಖರೀದಿದಾರರನ್ನು ಹುಡುಕುವ ಆಹಾರೋದ್ಯಮಿಗಳು ಜರ್ಮನಿಯ ಕಲೋನ್ ನಗರದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅನುಗಾ ಆಹಾರ ಮೇಳವನ್ನೋ, ನ್ಯೂರೆಂಬರ್ಗ್‌ನಲ್ಲಿ ಪ್ರತಿವರ್ಷ ನಡೆಯುವ ಬಯೋಫಾಕ್ ಸಾವಯವ ಮೇಳವನ್ನೋ ನೋಡಿಬರಲು ಬಯಸುವುದು ಸಹಜ. ಆದರೆ ಮಳಿಗೆ, ಮಾದರಿ, ಕರಪತ್ರಗಳಿಗೆ ನೀಡುವ ಗಮನವನ್ನು ಅನೇಕರು ವೀಸಾ ಅರ್ಜಿಗೆ ನೀಡುವುದಿಲ್ಲ. ಆ ಕುರಿತು ಅಗತ್ಯ ತಿಳಿವಳಿಕೆ ನೀಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಅನುಭವವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಮದ್ದೂರು ತಾಲ್ಲೂಕಿನ ಬೆಲ್ಲದ ವರ್ತಕರೊಬ್ಬರು ಯೂರೋಪಿನ ಒಂದು ಮೇಳದಲ್ಲಿ ಮಳಿಗೆಗೆ ಮುಂಗಡ ಹಣ ಕಟ್ಟಿದ್ದರು. ಆಹ್ವಾನ ಪತ್ರ, ವಿಮೆ, ಹೋಟೆಲ್ ಕಾಯ್ದಿರಿಸುವಿಕೆ ಎಲ್ಲವೂ ಕ್ರಮವಾಗಿದ್ದವು. ಆದರೂ ವೀಸಾ ನಿರಾಕರಿಸಲ್ಪಟ್ಟಿತು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವರ್ಷವಿಡೀ ನಲವತ್ತು, ಐವತ್ತು ಸಾವಿರ ರೂಪಾಯಿ ಶಿಲ್ಕು ತೋರಿಸುತ್ತಿದ್ದ ಅವರ ಬ್ಯಾಂಕ್ ಖಾತೆಗೆ, ಅರ್ಜಿ ಸಲ್ಲಿಸುವ ಹತ್ತು ದಿನ ಮೊದಲು ಭಾವಮೈದುನನಿಂದ ಪಡೆದ ಆರು ಲಕ್ಷ ರೂಪಾಯಿ ಜಮೆಯಾಗಿತ್ತು. ಅವರು ಬಡವರಲ್ಲ, ಮಂಡಿ ವ್ಯವಹಾರ ದೊಡ್ಡದೇ ಇತ್ತು. ಆದರೆ ಅದರ ಬಹುಪಾಲು ನಗದಿನಲ್ಲಿಯೂ, ಉಳಿದದ್ದು ಅವಿಭಕ್ತ ಕುಟುಂಬದ ಖಾತೆಯಲ್ಲಿಯೂ ನಡೆಯುತ್ತಿತ್ತು. ಅವರ ಆಸ್ತಿ ಮೌಲ್ಯದ ಪ್ರಮಾಣಪತ್ರಕ್ಕೆ ಸಹಿ ಹಾಕಿದವನು ನಾನೇ. ಅದರಲ್ಲಿನ ಪ್ರತಿ ಅಂಕಿಯೂ ಸತ್ಯ. ಆದರೆ ಆ ಪತ್ರವನ್ನೂ ಬ್ಯಾಂಕ್ ತಃಖ್ತೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದುವವನಿಗೆ ಏನು ತೋರೀತು ಎಂದು ನಾನು ಯೋಚಿಸಿರಲಿಲ್ಲ. ಮಳಿಗೆಯ ಮುಂಗಡವೂ ವೀಸಾ ಶುಲ್ಕವೂ ಹೋದವು. ಅರ್ಜಿ ಬಿದ್ದುದು ಹಣದ ಕೊರತೆಯಿಂದಲ್ಲ, ದಾಖಲೆಗಳ ಹೊಂದಾಣಿಕೆಯ ಕೊರತೆಯಿಂದ. ಆ ಪಾಠವನ್ನೇ ಮುಂದೆ ವಿವರಿಸಿದ್ದೇನೆ.

1. ಷೆಂಗೆನ್ ವೀಸಾ ಎಂದರೇನು?

1985ರ ಜೂನ್ 14ರಂದು ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಹಳ್ಳಿಯ ಬಳಿ ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆಯನ್ನು ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದವು. ಬಲ್ಗೇರಿಯ ಮತ್ತು ರೊಮೇನಿಯ 2025ರ ಜನವರಿ 1ರಂದು ಪೂರ್ಣವಾಗಿ ಸೇರಿದ ನಂತರ ಈ ವಲಯದಲ್ಲಿ 29 ದೇಶಗಳಿವೆ. ಇವುಗಳಲ್ಲಿ ಒಂದು ದೇಶ ನೀಡಿದ ವೀಸಾ ಸಾಮಾನ್ಯವಾಗಿ ಉಳಿದ ದೇಶಗಳಿಗೂ ಸಲ್ಲುತ್ತದೆ. ಬ್ರಿಟನ್ ಮತ್ತು ಐರ್ಲೆಂಡ್ ಈ ವಲಯದಲ್ಲಿಲ್ಲ. ಆದುದರಿಂದ ಹಾಗೆಯೇ ಲಂಡನ್ನಿಗೂ ಹೋಗಿಬರುತ್ತೇವೆ ಎನ್ನುವವರು ಅದಕ್ಕೆ ಪ್ರತ್ಯೇಕ ವೀಸಾ ಪಡೆಯಬೇಕು.

ಈ ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ತಂಗಬಹುದು. ಆದರೆ ವೀಸಾ ಚೀಟಿಯಲ್ಲಿ ನಮೂದಿಸಿದ ದಿನಗಳು ಇದಕ್ಕಿಂತ ಕಡಿಮೆ ಇದ್ದರೆ ಅದೇ ಅಂತಿಮ. ಮೇಳದಲ್ಲಿ ಭಾಗವಹಿಸುವುದಕ್ಕೂ ಖರೀದಿದಾರರೊಡನೆ ಮಾತುಕತೆ ನಡೆಸುವುದಕ್ಕೂ ಈ ವೀಸಾ ಸಾಕು. ಅಲ್ಲಿ ಉದ್ಯೋಗ ಮಾಡಲು ಅನುಮತಿಯಿಲ್ಲ.

2. ಯಾವ ದೇಶಕ್ಕೆ, ಯಾವಾಗ ಅರ್ಜಿ?

ಪ್ರವಾಸದ ಮುಖ್ಯ ಉದ್ದೇಶ ಯಾವ ದೇಶದಲ್ಲಿದೆಯೋ, ಅಥವಾ ಹೆಚ್ಚು ದಿನ ಎಲ್ಲಿ ತಂಗುವಿರೋ ಆ ದೇಶಕ್ಕೆ ಅರ್ಜಿ ಸಲ್ಲಿಸಬೇಕು. ಹಾಗೆ ನಿರ್ಧರಿಸಲು ಬಾರದಿದ್ದಲ್ಲಿ ಮೊದಲು ಪ್ರವೇಶಿಸುವ ದೇಶಕ್ಕೆ. ಕಲೋನ್‌ನಲ್ಲಿ ಐದು ದಿನ, ಪ್ಯಾರಿಸ್‌ನಲ್ಲಿ ಎರಡು ದಿನ ಇರುವವರು ಜರ್ಮನಿಗೇ ಅರ್ಜಿ ಹಾಕಬೇಕು. ‘ಅಲ್ಲಿ ಬೇಗ ಸಿಗುತ್ತದಂತೆ’ ಎಂಬ ಮಾತು ನಂಬಿ ಬೇರೆ ದೇಶದ ಮೂಲಕ ಅರ್ಜಿ ಹಾಕುವುದು ಸಲ್ಲದು.

ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು. ತಡವೆಂದರೆ 15 ದಿನ ಮೊದಲು ಸಲ್ಲಿಸಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ. ಹೆಚ್ಚಿನ ಪರಿಶೀಲನೆ ಬೇಕಾದಲ್ಲಿ 45 ದಿನಗಳವರೆಗೂ ಹೋಗಬಹುದು. ಅರ್ಜಿ ಕೇಂದ್ರದಲ್ಲಿ ಭೇಟಿಯ ದಿನ ಸಿಗುವುದಕ್ಕೇ ಕೆಲವೊಮ್ಮೆ ವಾರಗಳು ಬೇಕಾಗುವುದರಿಂದ, ಮೇಳಕ್ಕೆ ಮೂರು ತಿಂಗಳಿರುವಾಗಲೇ ಆರಂಭಿಸುವುದು ಕ್ಷೇಮ. ವಯಸ್ಕರ ಶುಲ್ಕ 2024ರ ಜೂನ್ 11ರಿಂದ 90 ಯೂರೋ. ಸೇವಾ ಕೇಂದ್ರದ ಶುಲ್ಕ ಪ್ರತ್ಯೇಕ. ವೀಸಾ ನಿರಾಕರಿಸಿದರೂ ಈ ಹಣ ಮರಳುವುದಿಲ್ಲ.

3. ಮೂಲ ದಾಖಲೆಗಳು

(ಅ) ಪಾಸ್‌ಪೋರ್ಟ್: ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು; ಷೆಂಗೆನ್ ವಲಯದಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು; ಎರಡು ಖಾಲಿ ಪುಟಗಳಿರಬೇಕು.

(ಆ) ಪ್ರವಾಸ ವೈದ್ಯಕೀಯ ವಿಮೆ: ಕನಿಷ್ಠ 30,000 ಯೂರೋ ಮೊತ್ತದ್ದು, ಎಲ್ಲ ಷೆಂಗೆನ್ ದೇಶಗಳಿಗೂ ತಂಗುವ ಎಲ್ಲ ದಿನಗಳಿಗೂ ಅನ್ವಯಿಸುವಂತಹುದು.

(ಇ) ಉದ್ದೇಶದ ಪುರಾವೆ: ಮೇಳದ ಪ್ರವೇಶ ಪತ್ರ ಅಥವಾ ಮಳಿಗೆ ಕರಾರು, ಖರೀದಿದಾರರ ಆಹ್ವಾನ ಪತ್ರ, ವಸತಿ ಮತ್ತು ವಿಮಾನದ ಕಾಯ್ದಿರಿಸುವಿಕೆ.

(ಈ) ಸಂಸ್ಥೆಯ ಪತ್ರಶೀರ್ಷಿಕೆಯಲ್ಲಿ ವಿವರಣಾ ಪತ್ರ: ಯಾರು, ಏಕೆ, ಎಷ್ಟು ದಿನ, ಖರ್ಚು ಯಾರದು ಎಂಬುದು ಒಂದೇ ಪುಟದಲ್ಲಿರಲಿ.

(ಉ) ಬೆರಳಚ್ಚು ಮತ್ತು ಭಾವಚಿತ್ರಕ್ಕಾಗಿ ಖುದ್ದು ಹಾಜರಿ. ಒಮ್ಮೆ ನೀಡಿದ ಬೆರಳಚ್ಚನ್ನು 59 ತಿಂಗಳವರೆಗೆ ಮುಂದಿನ ಅರ್ಜಿಗಳಿಗೂ ಬಳಸಿಕೊಳ್ಳುವ ವ್ಯವಸ್ಥೆಯಿದೆ.

ದಾಖಲೆಗಳ ಪಟ್ಟಿ ದೇಶದಿಂದ ದೇಶಕ್ಕೆ ತುಸು ವ್ಯತ್ಯಾಸವಾಗುವುದರಿಂದ ಆಯಾ ದೂತಾವಾಸದ ಪಟ್ಟಿಯನ್ನೇ ಅಂತಿಮವೆಂದು ತಿಳಿಯತಕ್ಕದ್ದು. ಜರ್ಮನಿಯ ಕಾನ್ಸುಲೇಟ್ ಜನರಲ್ ಕಚೇರಿ ಬೆಂಗಳೂರಿನಲ್ಲಿಯೇ ಇದೆ.

4. ಲೆಕ್ಕಪತ್ರಗಳು: ಅರ್ಜಿಯ ಜೀವಾಳ

ಅರ್ಜಿ ಪರಿಶೀಲಿಸುವ ಅಧಿಕಾರಿ ಮುಖ್ಯವಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ. ಪ್ರವಾಸದ ಉದ್ದೇಶ ನಿಜವೇ? ಖರ್ಚಿಗೆ ಹಣವಿದೆಯೇ? ಈ ವ್ಯಕ್ತಿ ಊರಿಗೆ ಮರಳುವರೇ? ಕೊನೆಯ ಎರಡಕ್ಕೆ ಉತ್ತರ ನೀಡುವುದು ನಮ್ಮ ಲೆಕ್ಕಪುಸ್ತಕಗಳೇ. ನಡೆಯುತ್ತಿರುವ ವ್ಯಾಪಾರಕ್ಕಿಂತ ಬಲವಾದ ಮರಳುವ ಕಾರಣ ಬೇರೆ ಯಾವುದು?

ಮೊದಲನೆಯದಾಗಿ, ಅರ್ಜಿಯ ಮುನ್ನಾದಿನಗಳಲ್ಲಿ ದೊಡ್ಡ ಮೊತ್ತ ಜಮೆ ಮಾಡಬೇಡಿ. ಆರು ತಿಂಗಳ ತಃಖ್ತೆಯಲ್ಲಿ ಕಾಣುವ ಸಾಧಾರಣ ಆದರೆ ಸ್ಥಿರವಾದ ಶಿಲ್ಕು, ಹತ್ತು ದಿನದ ಆರು ಲಕ್ಷಕ್ಕಿಂತ ಮೇಲು. ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಕೈಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಸಾಮಾನ್ಯವಾಗಿ ನಿಷೇಧಿಸಿದೆ ಎಂಬುದನ್ನೂ ಮರೆಯಬಾರದು. ವೀಸಾಕ್ಕಾಗಿ ತಂದ ನಗದು ತೆರಿಗೆ ಕಚೇರಿಯ ನೋಟೀಸಿಗೂ ದಾರಿಯಾದೀತು.

ಎರಡನೆಯದಾಗಿ, ಕೃಷಿ ಆದಾಯ. ಕಬ್ಬು, ತೆಂಗು, ಹಿಪ್ಪುನೇರಳೆ ಬೆಳೆಯುವ ನಮ್ಮಲ್ಲಿ ಅನೇಕರು ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಅದನ್ನು ರಿಟರ್ನ್‌ನಲ್ಲಿ ತೋರಿಸುವುದೇ ಇಲ್ಲ. ತೆರಿಗೆ ಇಲ್ಲದಿದ್ದರೂ ವಿನಾಯಿತಿ ಆದಾಯದ ಭಾಗದಲ್ಲಿ ಅದನ್ನು ನಮೂದಿಸಬೇಕು. ಹಾಗೆ ನಮೂದಿಸಿದ ಮೂರು ವರ್ಷಗಳ ರಿಟರ್ನ್, ಜೊತೆಗೆ ಪಹಣಿ ಮತ್ತು ಅದರ ಇಂಗ್ಲಿಷ್ ಅನುವಾದ ಇದ್ದರೆ, ಖಾತೆಗೆ ಬಂದ ಹಣದ ಮೂಲವೂ ಊರಿನೊಡನೆ ಇರುವ ನಂಟೂ ಒಟ್ಟಿಗೇ ರುಜುವಾತಾಗುತ್ತವೆ.

ಮೂರನೆಯದಾಗಿ, ವ್ಯವಹಾರದ ಅಸ್ತಿತ್ವ. ತೆರಿಗೆ ವಿನಾಯಿತಿಯ ಸರಕುಗಳಲ್ಲಿ ಮಾತ್ರ ವ್ಯವಹರಿಸುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಅಂತಹವರು ಎಪಿಎಂಸಿ ಲೈಸೆನ್ಸ್, ಉದ್ಯಮ ನೋಂದಣಿ, ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿಗಳನ್ನು ಲಗತ್ತಿಸಬಹುದು. ರಫ್ತಿನ ಉದ್ದೇಶ ಹೇಳುವವರ ಬಳಿ ಆಮದು-ರಫ್ತು ಸಂಕೇತ ಸಂಖ್ಯೆ ಇರುವುದು ಒಳಿತು. ಹಣ ಅವಿಭಕ್ತ ಕುಟುಂಬದ್ದೋ ಪಾಲುದಾರಿಕೆ ಸಂಸ್ಥೆಯದೋ ಆಗಿದ್ದರೆ ಅದನ್ನು ಸ್ವಂತದ್ದೆಂದು ತೋರಿಸದೆ, ಖರ್ಚು ವಹಿಸಿಕೊಳ್ಳುವ ಪತ್ರವನ್ನು ಆ ಘಟಕದಿಂದಲೇ ಪಡೆಯಬೇಕು.

ನಾಲ್ಕನೆಯದಾಗಿ, ಲೆಕ್ಕ ಪರಿಶೋಧಕರ ಪ್ರಮಾಣಪತ್ರ. 2019ರ ಫೆಬ್ರವರಿ 1ರಿಂದ ಇಂತಹ ಪ್ರತಿ ಪ್ರಮಾಣಪತ್ರಕ್ಕೂ ಯುಡಿಐಎನ್ ಎಂಬ ವಿಶಿಷ್ಟ ಸಂಖ್ಯೆ ಕಡ್ಡಾಯ. ಅದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ತಾಳೆ ನೋಡಬಹುದು. ‘ಸ್ವಲ್ಪ ಜಾಸ್ತಿ ಹಾಕಿಕೊಡಿ ಸಾರ್’ ಎಂಬ ಕೋರಿಕೆಗೆ ಒಪ್ಪದ ಪರಿಶೋಧಕರು ನಿಮ್ಮ ಹಿತವನ್ನೇ ಕಾಯುತ್ತಿದ್ದಾರೆಂದು ತಿಳಿಯಿರಿ.

5. ಹೆಸರಿನ ತೊಡಕು

ನಮ್ಮ ಭಾಗದವರ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಅವು ವಿಸ್ತರಿಸಿ ಬರೆಯಲ್ಪಡುತ್ತವೆ; ಪ್ಯಾನ್‌ನಲ್ಲಿ ತಂದೆಯ ಹೆಸರು ಕೊನೆಗೆ ಬರುತ್ತದೆ; ಪಹಣಿಯಲ್ಲಿ ‘ಬಿನ್’ ಎಂದಿರುತ್ತದೆ; ಬ್ಯಾಂಕಿನಲ್ಲಿ ಇನ್ನೊಂದು ರೂಪ. ಇವೆಲ್ಲ ಒಬ್ಬನೇ ಎಂದು ನಮಗೆ ಗೊತ್ತು. ದೂರದ ಅಧಿಕಾರಿಗೆ ನಾಲ್ವರಂತೆ ತೋರಬಹುದು. ಸಾಧ್ಯವಿರುವ ದಾಖಲೆಗಳನ್ನು ಪಾಸ್‌ಪೋರ್ಟ್‌ಗೆ ಸರಿಹೊಂದುವಂತೆ ತಿದ್ದಿಸಿ. ಉಳಿದವಕ್ಕೆ ಎರಡೂ ಹೆಸರುಗಳು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿಯ ಮುಂದೆ ಮಾಡಿಸಿ.

6. ವಿದೇಶಿ ವಿನಿಮಯ

ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಡಿ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಪಡೆಯಬಹುದು. ಯೂರೋಪ್ ಪ್ರವಾಸಕ್ಕೆ ನೋಟುಗಳ ರೂಪದಲ್ಲಿ ಪ್ರತಿ ಪ್ರವಾಸಕ್ಕೆ 3,000 ಡಾಲರ್‌ಗೆ ಸಮನಾದ ಮೊತ್ತ ಮಾತ್ರ. ಉಳಿದದ್ದು ಪ್ರವಾಸ ಕಾರ್ಡಿನಲ್ಲಿರಲಿ. ಉಳಿಕೆಯನ್ನು ಮರಳಿದ 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. 2,000 ಡಾಲರ್‌ವರೆಗೆ ಇಟ್ಟುಕೊಳ್ಳಬಹುದು. ಖರೀದಿಯ ರಸೀತಿಗಳನ್ನು ಜೋಪಾನವಾಗಿಡಿ. ಪ್ರವಾಸ ವೆಚ್ಚವನ್ನು ವ್ಯಾಪಾರದ ಖರ್ಚೆಂದು ತೋರಿಸಲು ಅವೇ ಆಧಾರ.

7. ಗಡಿಯಲ್ಲಿ

ವೀಸಾ ದೊರೆತ ಮಾತ್ರಕ್ಕೆ ಪ್ರವೇಶ ಖಚಿತವಲ್ಲ. ಗಡಿ ಅಧಿಕಾರಿ ಆಹ್ವಾನ ಪತ್ರ, ವಿಮೆ, ಮರುಪ್ರಯಾಣದ ಟಿಕೆಟ್ ಕೇಳಬಹುದು. ಇವುಗಳ ಪ್ರತಿಗಳು ಕೈಚೀಲದಲ್ಲಿರಲಿ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ಆಗಮನ, ನಿರ್ಗಮನಗಳು ಗಣಕಯಂತ್ರದಲ್ಲಿಯೇ ದಾಖಲಾಗುತ್ತವೆ. ಒಂದು ದಿನ ಹೆಚ್ಚು ತಂಗಿದರೂ ಅದು ಬಯಲಾಗುತ್ತದೆ.

ನಿಯಮ ಪಾಲಿಸಿದವರಿಗೆ ಫಲವೂ ಉಂಟು. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗಾಗಿ ರೂಪಿಸಿದ ಕ್ರಮದಂತೆ, ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಪಡೆದು ಸರಿಯಾಗಿ ಬಳಸಿದವರು ಎರಡು ವರ್ಷಗಳ ಬಹುಪ್ರವೇಶ ವೀಸಾಕ್ಕೆ, ಅನಂತರ ಐದು ವರ್ಷಗಳ ವೀಸಾಕ್ಕೆ ಪಾತ್ರರಾಗಬಹುದು. ಅಂದರೆ ಮೊದಲ ಪ್ರವಾಸವೇ ಮುಂದಿನವುಗಳಿಗೆ ಬಂಡವಾಳ.

8. ನಿರಾಕರಿಸಿದರೆ

ನಿರಾಕರಣೆಯ ಕಾರಣವನ್ನು ನಿಗದಿತ ನಮೂನೆಯಲ್ಲಿ ಗುರುತಿಸಿ ಕೊಡುತ್ತಾರೆ. ಅದನ್ನು ಓದದೆ ಅದೇ ಕಾಗದಗಳೊಡನೆ ಮತ್ತೆ ಅರ್ಜಿ ಹಾಕುವುದು ವ್ಯರ್ಥ. ಹಿಂದಿನ ನಿರಾಕರಣೆಯನ್ನು ಮುಂದಿನ ಅರ್ಜಿಯಲ್ಲಿ ಮುಚ್ಚಿಡಲೂಬಾರದು. ದಾಖಲೆ ಅವರ ಬಳಿ ಇದ್ದೇ ಇರುತ್ತದೆ. ಕೊರತೆಯನ್ನು ಸರಿಪಡಿಸಿ, ಅದನ್ನು ವಿವರಣಾ ಪತ್ರದಲ್ಲಿ ನೇರವಾಗಿ ತಿಳಿಸಿ, ಹೊಸದಾಗಿ ಅರ್ಜಿ ಸಲ್ಲಿಸುವುದೇ ಸರಿಯಾದ ಮಾರ್ಗ.

ಮೇಲೆ ಹೇಳಿದ ಮದ್ದೂರಿನ ವರ್ತಕರು ಮಾಡಿದ್ದೂ ಇದನ್ನೇ. ಎರಡು ವರ್ಷ ಮಂಡಿಯ ವ್ಯವಹಾರವನ್ನು ಬ್ಯಾಂಕಿನ ಮೂಲಕ ನಡೆಸಿದರು; ಕೃಷಿ ಆದಾಯವನ್ನು ರಿಟರ್ನ್‌ನಲ್ಲಿ ತೋರಿಸಿದರು. ಎರಡನೆಯ ಅರ್ಜಿಯ ವೇಳೆ ಅವರ ಖಾತೆಯಲ್ಲಿದ್ದುದು ಆರು ಲಕ್ಷವಲ್ಲ, ಅದರ ಅರ್ಧಕ್ಕೂ ಕಡಿಮೆ. ವೀಸಾ ದೊರೆಯಿತು. ಅವರ ಬ್ಯಾಂಕ್ ಸಾಲದ ಮಿತಿಯೂ ಅದೇ ಲೆಕ್ಕಪತ್ರಗಳ ಬಲದಿಂದ ಹೆಚ್ಚಾಯಿತು.

ಆದ್ದರಿಂದ ಸದಸ್ಯ ಬಾಂಧವರು ಮೇಳದ ದಿನಾಂಕ ಪ್ರಕಟವಾಗುವವರೆಗೆ ಕಾಯದೆ, ಈ ಸಾಲಿನ ಲೆಕ್ಕವನ್ನೇ ವೀಸಾ ಅರ್ಜಿಯ ಮೊದಲ ಪುಟವೆಂದು ಭಾವಿಸಿ ಬರೆದಿಡಬೇಕೆಂದು ಕೋರುತ್ತೇನೆ.