ಪೈಪಿನೊಳಗೆ ಗುದ್ದುವ ನೀರು

ಪ್ರಶ್ನೆ: ಸಾರ್, ಬೋರನಕಣಿವೆ ಹತ್ತಿರ ನಮ್ಮ ತೆಂಗಿನ ತೋಟ. ಬೋರಿನಿಂದ ದಿಬ್ಬದ ಮೇಲಿನ ತೊಟ್ಟಿಗೆ 400 ಮೀಟರ್ ಪಿವಿಸಿ ಪೈಪ್‌ಲೈನ್ ಎಳೆದಿದ್ದೇವೆ, ಏರು 30 ಮೀಟರ್. ಕರೆಂಟ್ ಹೋದ ತಕ್ಷಣ ಬೋರಿನ ಬಾಯಲ್ಲಿ ಢಬ್ ಢಬ್ ಅಂತ ಗುದ್ದಿದ ಸದ್ದು. ಜಾಯಿಂಟೂ ಬಿಡ್ತಿದೆ. ಎನ್‌ಆರ್‌ವಿ ಕಿತ್ತುಹಾಕಿ ಅಂತಾರೆ. ಕೀಳಬಹುದಾ?

ಉತ್ತರ: ದಯವಿಟ್ಟು ಕೀಳಬೇಡಿ. ಎನ್‌ಆರ್‌ವಿ ಎಂದರೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್. ಎನ್‌ಆರ್‌ವಿ ಇಲ್ಲದಿದ್ದರೆ ಪೈಪಿನ ನೀರು ಬೋರಿಗೇ ವಾಪಸ್ ಇಳಿದು ಪಂಪನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. ಅಷ್ಟರಲ್ಲಿ ಕರೆಂಟ್ ಬಂದು ಮೋಟಾರು ಎದ್ದರೆ ಶಾಫ್ಟೇ ತುಂಡಾದೀತು.

ಎರಡೂವರೆ ಇಂಚಿನ ಪೈಪಾದರೆ ನಿಮ್ಮ ಲೈನಿನಲ್ಲಿ ಒಂದೂವರೆ ಟನ್ ನೀರಿರುತ್ತದೆ. ಮೋಟಾರು ನಿಂತರೂ ಅದು ಬಂದ ರಭಸಕ್ಕೆ ಇನ್ನಷ್ಟು ಮುಂದೆ ಹೋಗಿ, ಆಮೇಲೆ ಏರಿನಿಂದ ಹಿಂದಕ್ಕೆ ಜಾರಿ ಎನ್‌ಆರ್‌ವಿಗೆ ಬಡಿಯುತ್ತದೆ. ರಷ್ಯಾದ ನಿಕೊಲಾಯ್ ಜುಕೋವ್‌ಸ್ಕಿ ಮಾಸ್ಕೋ ನಗರದ ನೀರಿನ ಪೈಪುಗಳಲ್ಲೇ ಪರೀಕ್ಷೆ ನಡೆಸಿ 1898ರಲ್ಲಿ ಇದರ ಲೆಕ್ಕ ಪ್ರಕಟಿಸಿದರು. ಸೆಕೆಂಡಿಗೆ ಒಂದು ಮೀಟರ್ ಓಡುವ ನೀರನ್ನು ಥಟ್ಟನೆ ತಡೆದರೆ ಪಿವಿಸಿಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 4 ಕೆ.ಜಿ. ಒತ್ತಡ ಏರುತ್ತದೆ, ಕಬ್ಬಿಣದ ಪೈಪಿನಲ್ಲಿ ಅದರ ಮೂರು ಪಟ್ಟು. ನಿಮ್ಮ 30 ಮೀಟರ್ ಏರಿನದೇ 3 ಕೆ.ಜಿ. ಎರಡೂ ಸೇರಿ 7. ಪೈಪಿನ ಮೇಲೆ 4 ಅಥವಾ 6 ಕೆ.ಜಿ. ಎಂದು ಅಚ್ಚಾಗಿದ್ದರೆ ಜಾಯಿಂಟ್ ಬಿಡುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಬೋರಿನ ಬಾಯಲ್ಲಿರುವ ಎನ್‌ಆರ್‌ವಿ ಬದಲಿಸಿ. ಬಾಗಿಲಿನಂತೆ ತೂಗಿ ಬೀಳುವ ಬಗೆಯದು ತಡವಾಗಿ ಮುಚ್ಚಿಕೊಂಡು ಗುದ್ದಿಸಿಕೊಳ್ಳುತ್ತದೆ. ಸ್ಪ್ರಿಂಗ್ ಇರುವುದು ನೀರು ಹಿಂದಿರುಗುವ ಮೊದಲೇ ಮುಚ್ಚುತ್ತದೆ. ಎರಡನೆಯದು, ಲೈನು ನಡುವೆ ದಿಬ್ಬ ಹತ್ತಿ ಇಳಿಯುವುದಾದರೆ ನೆತ್ತಿಯಲ್ಲಿ ಏರ್‌ವಾಲ್ವ್ ಹಾಕಿಸಿ. ಕರೆಂಟ್ ಹೋದಾಗ ಅಲ್ಲಿ ನೀರು ತುಂಡಾಗಿ ಎರಡು ಪಾಲಾಗುತ್ತದೆ; ಮತ್ತೆ ಕೂಡುವಾಗಿನ ಪೆಟ್ಟು ಬಲು ಜೋರು. ವಾಲ್ವಿನಿಂದ ಒಳಬಂದ ಗಾಳಿ ಆ ಪೆಟ್ಟನ್ನು ತಡೆಯುತ್ತದೆ. ಮೂರನೆಯದು, ಆಟೋ ಸ್ಟಾರ್ಟರಿನ ಟೈಮರನ್ನು ಕೆಲವು ನಿಮಿಷ ತಡವಾಗಿ ಎತ್ತುವಂತೆ ಇಡಿ. ನೀರು ತಣ್ಣಗೆ ನಿಂತ ಮೇಲೆ ಮೋಟಾರು ಏಳಲಿ.

ಪ್ರಶ್ನೆ: ತುರುವೇಕೆರೆ ಕಡೆಯವರು ನಾವು. ಡ್ರಿಪ್ ಲೈನು ಬದಲಾಯಿಸುವಾಗಲೆಲ್ಲ ಪೈಪು ನೆಗೆದು ಬೀಳುತ್ತದೆ. ಏನು ಮಾಡಬೇಕು?

ಉತ್ತರ: ಮುಂದಿನ ಸಾಲಿನ ವಾಲ್ವ್ ಪೂರ್ತಿ ತೆರೆದ ಮೇಲೆಯೇ ಹಿಂದಿನದನ್ನು ಮುಚ್ಚಿ. ಹಿಡಿ ತಿರುಗಿಸಿದರೆ ಒಂದೇ ಸಲಕ್ಕೆ ಮುಚ್ಚುವ ಬಾಲ್ ವಾಲ್ವ್ ಆದರೆ ಮೆಲ್ಲಗೆ, ಹತ್ತು ಎಣಿಸುತ್ತ ತಿರುಗಿಸಿ. ಲೈನು ಉದ್ದವಾದಷ್ಟೂ ಇನ್ನೂ ನಿಧಾನ ಬೇಕು.

ಪ್ರಶ್ನೆ: ತಿಪಟೂರಿನಿಂದ ಬಾಸ್ಟನ್‌ಗೆ ಮಗಳ ಮನೆಗೆ ಬಂದಿದ್ದೇವೆ. ಹಳೆಯ ಅಪಾರ್ಟ್‌ಮೆಂಟು. ರಾತ್ರಿ ಹಬೆಯ ರೇಡಿಯೇಟರು ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಮಾಡುತ್ತದೆ. ಸಿಡಿದುಬಿಟ್ಟೀತೇ?

ಉತ್ತರ: ಗಾಬರಿ ಬೇಡ, ತಾಯಿ. ಸಾಮಾನ್ಯವಾಗಿ ಸಿಡಿಯುವುದಿಲ್ಲ, ಆದರೆ ಹಾಗೇ ಬಿಡಲೂ ಬೇಡಿ. ತಣ್ಣಗಾದ ಹಬೆ ನೀರಾಗಿ ಬಾಯ್ಲರಿಗೆ ಇಳಿದು ಹೋಗಬೇಕು. ಅದು ಒಳಗೇ ನಿಂತರೆ ಹಿಂದಿನಿಂದ ಬರುವ ಹಬೆ ಆ ನೀರನ್ನು ಎತ್ತಿ ಪೈಪಿನ ತಿರುವಿಗೆ ಬಡಿಯುತ್ತದೆ.

ರೇಡಿಯೇಟರಿಗೆ ಒಂದೇ ಪೈಪು ಇದೆಯೇ ನೋಡಿ. ಹಾಗಿದ್ದರೆ ಹಬೆ ಬರುವುದೂ ನೀರು ಹೋಗುವುದೂ ಅದರಲ್ಲೇ. ಅದರ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದರೆ ನೀರು ಸಿಕ್ಕಿಕೊಳ್ಳುತ್ತದೆ. ಆರಿ ತಣ್ಣಗಾದಾಗ ಮಟ್ಟಗೋಲು ಇಟ್ಟು ನೋಡಿ. ವಾಲ್ವಿನ ಕಡೆಗೆ ಇಳಿಜಾರಿಲ್ಲದಿದ್ದರೆ ಎದುರು ತುದಿಯ ಕಾಲುಗಳ ಕೆಳಗೆ ಕಾಲಿಂಚಿನ ಮರದ ಚಕ್ಕೆ ಕೊಡಿಸಿ. ಭಾರದ ಎರಕದ ಕಬ್ಬಿಣ ಅದು; ಎತ್ತುವ ಕೆಲಸ ಅಳಿಯನಿಗೋ ಕಟ್ಟಡದ ಮೇಲ್ವಿಚಾರಕನಿಗೋ ಬಿಡಿ. ಎರಡು ಪೈಪು ಇದ್ದರೆ ಹಬೆಯನ್ನು ತಡೆದು ನೀರನ್ನು ಮಾತ್ರ ಬಿಡುವ ಸ್ಟೀಮ್ ಟ್ರ್ಯಾಪ್ ಕೆಟ್ಟಿರಬಹುದು. ಅದನ್ನೂ ಬಾಯ್ಲರಿನ ಒತ್ತಡವನ್ನೂ ತಂತ್ರಜ್ಞರೇ ನೋಡಬೇಕು.

ಪ್ರಶ್ನೆ: ನಮ್ಮ ಬೋರಿನ ಲೈನಿನಲ್ಲೂ ಸದ್ದಿದೆ, ಆದರೆ ಪೈಪು ಒಡೆದಿಲ್ಲ. ಇದ್ದ ಹಾಗೇ ಇರಲಿ ಅಂದರೆ?

ಉತ್ತರ: ಬೇಡ. ಪ್ರತಿ ಪೆಟ್ಟೂ ಜಾಯಿಂಟನ್ನು ಅಷ್ಟಷ್ಟೇ ಸಡಿಲಿಸುತ್ತದೆ. ಸೋರಿಕೆ ಶುರುವಾಗುವುದು ಮಣ್ಣಿನಡಿ, ಕಣ್ಣಿಗೆ ಬೀಳುವುದಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲದ ನಮ್ಮ ಸೀಮೆಯಲ್ಲಿ ಮೇಲೆತ್ತಿದ ನೀರು ಮರದ ಬುಡ ಸೇರಲೇಬೇಕು. ಸದ್ದು ಕೇಳಿದ ವಾರವೇ ರಿಪೇರಿ ಮಾಡಿಸಿ.