ಆಟಿಯಲ್ಲಿ ಬಂದು ತೋಟ ನೋಡಿ

ಊರಿಗೆ ಬರುವುದೋ, ಬೆಂಗಳೂರಿನಲ್ಲೇ ಇರುವುದೋ? ಹಳದಿರೋಗ ಬಿದ್ದ ಅಡಿಕೆ ತೋಟ ಕಡಿದು ರಬ್ಬರ್ ಹಾಕುವುದೋ, ಇನ್ನೆರಡು ವರ್ಷ ಕಾಯುವುದೋ? ಸಾಲ ಮಾಡಿ ಮನೆ ಕಟ್ಟುವುದೋ? ಪುತ್ತೂರು, ಸುಳ್ಯ, ಕಡಬದ ಯಾವ ಮದುವೆ ಊಟಕ್ಕೆ ಕೂತರೂ ಪಕ್ಕದ ಎಲೆಯವರ ಮಗನೋ ಮಗಳೋ ಇಂಥದ್ದೊಂದು ಪ್ರಶ್ನೆ ತೆಗೆಯುತ್ತಾರೆ. ನನ್ನ ನರೆತ ತಲೆ ನೋಡಿ ಕೇಳುತ್ತಾರೆಂದು ನನಗೂ ಗೊತ್ತು. ಆದರೂ ಕೇಳಿದ್ದೀರಲ್ಲ, ಹೇಳುತ್ತೇನೆ.

ಮುಂದೆ ಏನಾಗುತ್ತದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ಯಾರನ್ನೂ ಕೇಳಬೇಡಿ. ಕೊಕ್ಕೋ ಕತೆ ಗೊತ್ತುಂಟಲ್ಲ? ಎಪ್ಪತ್ತರ ದಶಕದಲ್ಲಿ ಅಡಿಕೆ ಮರಗಳ ನಡುವೆ ಕೊಕ್ಕೋ ಹಾಕಿ ಎಂದು ಹೇಳಿದವರೇ ಹೇಳಿದವರು. ನಮ್ಮವರು ಹಾಕಿದರು. ದಶಕ ಮುಗಿಯುವ ಹೊತ್ತಿಗೆ ದರ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಸಿಟ್ಟಿನಲ್ಲಿ ಗಿಡ ಕಡಿದು ಎಸೆದವರುಂಟು. ಆಮೇಲೆ ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ಶುರುವಾಯಿತು. 2024ರಲ್ಲಿ ಪಶ್ಚಿಮ ಆಫ್ರಿಕಾದ ಫಸಲು ಕೈಕೊಟ್ಟು, ಲೋಕದ ಮಾರುಕಟ್ಟೆಯಲ್ಲಿ ಕೊಕ್ಕೋ ಟನ್ನಿಗೆ 10,000 ಡಾಲರ್ ದಾಟಿತು. ನಮ್ಮಲ್ಲೂ ಹಸಿ ಬೀಜಕ್ಕೆ ಹಿಂದೆಂದೂ ಕಾಣದ ದರ ಬಂತು. ಗಿಡ ಉಳಿಸಿಕೊಂಡವರಿಗೆ ಎಂಥ ದೂರದೃಷ್ಟಿ ಎಂದು ಊರೆಲ್ಲ ಹೊಗಳಿತು.

ದೂರದೃಷ್ಟಿಯೂ ಇಲ್ಲ, ಮಣ್ಣೂ ಇಲ್ಲ. ಘಾನಾದ ಫಸಲು ಕೆಡುತ್ತದೆಂದು ಕಡಬದಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು? ಅಡಿಕೆಯ ನೆರಳಿನಲ್ಲಿ ತನ್ನಷ್ಟಕ್ಕೆ ಇದ್ದ ಗಿಡ. ಇಟ್ಟುಕೊಳ್ಳಲು ದೊಡ್ಡ ಖರ್ಚಿಲ್ಲ, ಮನೆ ಅದೊಂದನ್ನೇ ನಂಬಿ ನಿಂತಿರಲೂ ಇಲ್ಲ. ಹಾಗಾಗಿ ದರ ಬಿದ್ದಾಗ ತಡೆದುಕೊಂಡರು, ಏರಿದಾಗ ಅವರ ಕೈಯಲ್ಲಿ ಮಾಲಿತ್ತು. ನಾನು ಇಷ್ಟು ಕಾಲ ನೋಡಿದ್ದರಲ್ಲಿ ಮುಂದಾಗುವುದನ್ನು ಸರಿಯಾಗಿ ಊಹಿಸಿ ಗೆದ್ದವರು ತೀರಾ ಕಡಿಮೆ. ಊಹೆ ತಪ್ಪಿದರೂ ಕಾಲ ಮೇಲೆ ನಿಲ್ಲುವಂತೆ ವ್ಯವಸ್ಥೆ ಮಾಡಿಕೊಂಡವರೇ ಹೆಚ್ಚು.

ಆದ್ದರಿಂದ ದರ ಎಷ್ಟಕ್ಕೆ ಹೋದೀತು ಎಂಬ ಲೆಕ್ಕ ಬಿಡಿ. ಅರ್ಧಕ್ಕೆ ಬಿದ್ದರೆ ನಾನೇನು ಮಾಡುತ್ತೇನೆ ಎಂದು ಕಾಗದದಲ್ಲಿ ಬರೆದು ನೋಡಿ. 2021ರಲ್ಲಿ ಚಾಲಿ ಅಡಿಕೆ ಕಿಲೋಗೆ 500 ರೂಪಾಯಿ ದಾಟಿದಾಗ ಆ ದರವನ್ನೇ ಕಾಯಂ ಎಂದುಕೊಂಡು ಮನೆಗೆ ಎರಡನೇ ಮಾಳಿಗೆ ಏರಿಸಿದವರನ್ನು ನೋಡಿದ್ದೇನೆ. 2000ದ ಆಸುಪಾಸಿನ ಕುಸಿತವನ್ನು ಕಂಡವರು ಆ ಕೆಲಸಕ್ಕೆ ಕೈಹಾಕಲಿಕ್ಕಿಲ್ಲ. ಬೆಂಗಳೂರಿನ ಸಂಬಳಕ್ಕೂ ಇದೇ ಲೆಕ್ಕ. ಒಂದು ಮೇಲ್ ಕಳಿಸಿ ನೂರಾರು ಮಂದಿಯನ್ನು ಮನೆಗೆ ಕಳಿಸುವ ಕಾಲದಲ್ಲಿ, ಇಪ್ಪತ್ತು ವರ್ಷದ ಕಂತಿಗೆ ಸಹಿ ಹಾಕುವ ಮುಂಚೆ ಆರು ತಿಂಗಳ ಖರ್ಚು ಬೇರೆ ಖಾತೆಯಲ್ಲಿ ಇರಲಿ.

ಹಿಂದೆ ತೆಗೆಯಲಾಗುವ ಕೆಲಸ ಯಾವುದು, ಆಗದ್ದು ಯಾವುದು ಎಂದು ಬೇರೆ ಮಾಡಿಕೊಳ್ಳಿ. ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು; ತೋಟ ಕಡಿಯಲು ಎರಡು ದಿನ ಸಾಕು. ಸಂಪಾಜೆ, ಅರಂತೋಡು, ಮರ್ಕಂಜ ಕಡೆಯವರಿಗೆ ಹಳದಿರೋಗದ ಬಗ್ಗೆ ನಾನು ಹೇಳಬೇಕಾಗಿಲ್ಲ. ಅದಕ್ಕೆ ಮದ್ದಿಲ್ಲ. ರೋಗದ ತೋಟದ ನಡುವೆಯೂ ಹಸಿರಾಗಿ ನಿಂತ ಮರಗಳನ್ನು ಹುಡುಕಿ, ಅವುಗಳಿಂದ ತಳಿ ಮಾಡಲು ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಕೆಲಸ ಮಾಡುತ್ತಿದ್ದಾರೆ. ಅದು ಕೈಗೆ ಬರುವವರೆಗೆ ಕೈಕಟ್ಟಿ ಕೂರುವುದೂ ಬೇಡ, ಹತಾಶೆಯಿಂದ ಇಡೀ ತೋಟಕ್ಕೆ ಯಂತ್ರ ನುಗ್ಗಿಸುವುದೂ ಬೇಡ. ತೀರಾ ಹೋದ ಮೂಲೆಯಿಂದ ಶುರು ಮಾಡಿ. ಕಾಫಿಯೋ ಜಾಯಿಕಾಯಿಯೋ ಹಾಕಿ, ಮೂರು ವರ್ಷ ನೋಡಿ. ರಬ್ಬರ್ ಹಾಕಿದರೆ ಟ್ಯಾಪಿಂಗಿಗೆ ಬರಲು ಏಳು ವರ್ಷ, ಆಮೇಲೂ ಅದು ಜಾಗ ಬಿಟ್ಟುಕೊಡುವುದಿಲ್ಲ.

ಹಾಗೆಂದು ಎಲ್ಲವನ್ನೂ ಕಾದು ನೋಡುತ್ತೇನೆ ಎನ್ನಬೇಡಿ. ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ನೋಡಿ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್. ಬೇರೆ ಬೇರೆ ಕರಗಿಸಿ, ಕಲಸಿ, ತಿಕ್ಕಿ ಹೊಳೆಯಿಸಿದ ಕತ್ತಿಯನ್ನು ಅದ್ದಿ ತೆಗೆಯಬೇಕು. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಇಷ್ಟೆಲ್ಲ ಮಾಡುವುದು ಮಳೆ ಹಿಡಿಯುವ ಮೊದಲೇ, ಈ ವರ್ಷ ಎಷ್ಟು ಮಳೆ ಎಂದು ಯಾರಿಗೂ ಗೊತ್ತಿಲ್ಲದಾಗ. ಮಳೆಯ ಅಂದಾಜು ನೋಡಿ ಬಿಡೋಣ ಎಂದವನು ಜುಲೈಯಲ್ಲಿ ಮರದ ಬುಡದಿಂದ ಎಳೆಕಾಯಿ ಗುಡಿಸುತ್ತಾನೆ. ಬೆಳೆವಿಮೆಯ ಗಡುವು, ಮನೆಯವರ ಆರೋಗ್ಯವಿಮೆ, ಅಣ್ಣತಮ್ಮಂದಿರ ನಡುವಿನ ಪಾಲುಪತ್ರ ಇವೆಲ್ಲ ಈ ಜಾತಿಯವು. ಪಾಲುಪತ್ರವನ್ನಂತೂ ಪ್ರೀತಿ ಇರುವಾಗಲೇ ಮಾಡಿಕೊಳ್ಳಿ. ಪುತ್ತೂರಿನ ಕೋರ್ಟಿನ ಜಗಲಿಯಲ್ಲಿ ಕೂತವರನ್ನು ಒಮ್ಮೆ ನೋಡಿ ಬಂದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಒಬ್ಬರೇ ತಲೆ ಕೆಡಿಸಿಕೊಳ್ಳಬೇಡಿ ಎಂಬುದೂ ಒಂದುಂಟು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ದರ ನೆಲ ಕಚ್ಚಿದಾಗ ಒಬ್ಬೊಬ್ಬ ಕೃಷಿಕನೂ ವ್ಯಾಪಾರಿಯ ಎದುರು ಒಂಟಿಯಾಗಿ ನಿಂತಿದ್ದ. ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಅವರಿಗೂ ನಾಳೆಯ ದರ ಗೊತ್ತಿರಲಿಲ್ಲ. ನಿಮ್ಮ ಪ್ರಶ್ನೆಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಬದಲು ವಿಟ್ಲದ ಸಂಶೋಧನಾ ಕೇಂದ್ರಕ್ಕೋ ಸೊಸೈಟಿಯ ಸೆಕ್ರೆಟರಿ ಹತ್ತಿರಕ್ಕೋ ಒಯ್ಯಿರಿ. ಸೋತವರನ್ನೂ ಮಾತಾಡಿಸಿ. ಗೆದ್ದವರು ಪೇಪರಿನಲ್ಲಿ ಬರುತ್ತಾರೆ. ಸೋತವರ ಮನೆಗೆ ನೀವೇ ಹೋಗಬೇಕು.

ಮದುವೆಯ ಪ್ರಶ್ನೆಯೂ ಉಂಟು. ತೋಟ ನೋಡುವ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ ಎಂಬ ದೂರು ನನಗೂ ಕೇಳಿ ಕೇಳಿ ಸಾಕಾಗಿದೆ. ಹುಡುಗಿಗೆ ಸಾಲ, ರೋಗ, ನೆಟ್‌ವರ್ಕ್ ಎಲ್ಲವನ್ನೂ ಮೊದಲೇ ಹೇಳಿ. ಅವಳಿಗೆ ಇಲ್ಲಿ ಸ್ವಂತದ್ದೇನಿರುತ್ತದೆ ಎಂಬುದನ್ನೂ ಹೇಳಿ. ಹೇಳಲು ಏನೂ ಇಲ್ಲದಿದ್ದರೆ ಅವಳು ಒಲ್ಲೆ ಎಂದದ್ದರಲ್ಲಿ ತಪ್ಪೇನು?

ಇನ್ನು ಊರಿಗೆ ಮರಳುವ ಮಾತು. ನೀವೆಲ್ಲ ಎಪ್ರಿಲ್‌ನಲ್ಲಿ ಪುತ್ತೂರು ಜಾತ್ರೆಗೆ ಬರುತ್ತೀರಿ. ಮಾವು ಹಲಸು ಬಿಟ್ಟಿರುತ್ತದೆ, ಅಂಗಳ ಒಣಗಿರುತ್ತದೆ, ಕೆಲಸ ಬಿಡಬೇಕು ಎನಿಸುತ್ತದೆ. ಆಗ ಏನನ್ನೂ ನಿರ್ಧರಿಸಬೇಡಿ. ಜಡಿಮಳೆಯ ಆಟಿ ತಿಂಗಳಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬನ್ನಿ. ಕರೆಂಟ್ ಎರಡು ದಿನ ಇಲ್ಲದಿರಲಿ, ತೋಡು ತುಂಬಿ ದಾರಿ ಮುಚ್ಚಲಿ, ಮದ್ದು ಬಿಡುವವನು ಇವತ್ತೂ ಬರುವುದಿಲ್ಲ ಎಂದು ಫೋನು ಮಾಡಲಿ. ತಿಂಗಳಿಡೀ ಇದ್ದು, ಅಪ್ಪನ ಜೊತೆ ಕೂತು ಸೊಸೈಟಿಯ ಪಾಸ್‌ಬುಕ್ಕನ್ನು ಮೊದಲ ಪುಟದಿಂದ ಓದಿ. ರಾಜೀನಾಮೆ ಪತ್ರ ಬರೆಯುವುದಿದ್ದರೆ ಆಮೇಲೆ ಬರೆಯಿರಿ.