ಮನದ ಬೇಗೆಗೆ ಮಾತಿನ ಮದ್ದು

ರೋಗವನ್ನು ಹೆಚ್ಚಿಸುವ ಕಾರಣಗಳಲ್ಲಿ ವಿಷಾದವೇ ಮೊದಲನೆಯದೆಂದು ಚರಕಸಂಹಿತೆ ಹೇಳುತ್ತದೆ. ಮನಸ್ಸು ಕುಗ್ಗಿದರೆ ದೇಹದ ವ್ಯಾಧಿಯೂ ಬಲಿಯುತ್ತದೆ ಎಂಬುದು ಇದರ ತಾತ್ಪರ್ಯ. ಅದೇ ಗ್ರಂಥದ ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ ಮತ್ತು ಸತ್ತ್ವಾವಜಯ ಎಂದು ಮೂರು ಬಗೆಯಾಗಿ ವಿಂಗಡಿಸಲಾಗಿದೆ. ಪೂಜೆ, ವ್ರತಾದಿಗಳು ಮೊದಲನೆಯದು. ಆಹಾರ ಮತ್ತು ಔಷಧಗಳು ಎರಡನೆಯದು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ತರುವುದು ಮೂರನೆಯದು. ಇಂದಿನ ಮನೋಚಿಕಿತ್ಸೆಗೆ ಇದು ಸಮೀಪವಾದುದು. ನಮ್ಮ ಸೀಮೆಯಲ್ಲಿ ಮೊದಲೆರಡನ್ನು ಹುಡುಕಿಕೊಂಡು ಹೋಗುವವರು ಬಹಳ. ಮೂರನೆಯದು ಕೆಲವರಿಗೆ ಮಾತ್ರ ದೊರೆಯುತ್ತಿದೆ.

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ, ಆತಂಕ ಮುಂತಾದ ಸಾಮಾನ್ಯ ಮನೋವ್ಯಾಧಿಗಳುಳ್ಳವರಲ್ಲಿ ಸುಮಾರು ಶೇ. 85 ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ.

ದೇಹದ ವೇಷದಲ್ಲಿ ಬರುವ ವ್ಯಾಧಿ

ಗೌರಿಬಿದನೂರು, ಚಿಂತಾಮಣಿ ಕಡೆಯ ರೋಗಿಗಳು “ನನಗೆ ಖಿನ್ನತೆ” ಎಂದು ಹೇಳಿಕೊಂಡು ಬರುವುದು ಅಪರೂಪ. ಗ್ಯಾಸ್, ತಲೆಸುತ್ತು, ಎದೆ ಹೊಡೆದುಕೊಳ್ಳುವುದು, ಕೈಕಾಲು ಸೆಳೆತ, ನಿಶ್ಶಕ್ತಿ ಎನ್ನುತ್ತಾರೆ. ರಕ್ತಪರೀಕ್ಷೆ, ಇಸಿಜಿ ಮಾಡಿಸುತ್ತಾರೆ, ಟಾನಿಕ್ ಕುಡಿಯುತ್ತಾರೆ, ವೈದ್ಯರನ್ನು ಬದಲಾಯಿಸುತ್ತಾರೆ. ಥೈರಾಯ್ಡ್ ದೋಷ, ರಕ್ತಹೀನತೆಗಳನ್ನು ಪರೀಕ್ಷಿಸಿ ನೋಡುವುದು ಅವಶ್ಯವೇ. ಆದರೆ ಎರಡು ವಾರಗಳಿಗೂ ಮೀರಿ ದಿನದ ಬಹುಪಾಲು ಬೇಸರವಿದ್ದು, ಮೊದಲು ಇಷ್ಟವಾಗಿದ್ದ ಯಾವ ಕೆಲಸದಲ್ಲಿಯೂ ಆಸಕ್ತಿ ಇಲ್ಲದೆ, ನಿದ್ರೆ ಮತ್ತು ಹಸಿವು ಕೆಟ್ಟಿದ್ದರೆ ಖಿನ್ನತೆಯನ್ನು ಶಂಕಿಸಬೇಕು. ಕಾರಣ ಸಣ್ಣದಿದ್ದರೂ ಚಿಂತೆ ನಿಲ್ಲದೆ ಸುತ್ತುತ್ತಿದ್ದರೆ, ಅದು ಆತಂಕದ ಲಕ್ಷಣ.

ಇದಕ್ಕೆ ಇಲ್ಲಿಯ ಬದುಕಿನ ಭಾರವೂ ಸೇರುತ್ತದೆ. ಸಾವಿರ ಅಡಿಗೂ ಆಳಕ್ಕೆ ಕೊರೆಸಿದ ಕೊಳವೆಬಾವಿ ಬತ್ತುವುದು, ಟೊಮೆಟೊ ಬೆಲೆ ಕುಸಿಯುವುದು, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡಿನ ದರ ಇಳಿಯುವುದು ಮನೆಮಂದಿಯ ನಿದ್ರೆ ಕೆಡಿಸುತ್ತವೆ. ಸಾಲ ತೀರಿದರೆ ಮನಸ್ಸು ತಾನೇ ಸರಿಹೋದೀತೆಂದು ಕಾಯುತ್ತಾರೆ. ಕಷ್ಟ ನಿಜವಾದುದೇ; ಆದರೆ ಕುಗ್ಗಿದ ಮನಸ್ಸಿಗೆ ಆ ಕಷ್ಟದಿಂದ ಪಾರಾಗುವ ದಾರಿಯೂ ಕಾಣುವುದಿಲ್ಲ. ಆದ್ದರಿಂದ ಚಿಕಿತ್ಸೆ ಮೊದಲಾಗಬೇಕು.

ಮಾತಿನ ಚಿಕಿತ್ಸೆ ಎಂದರೇನು?

ಇದು ಬುದ್ಧಿವಾದವಲ್ಲ. “ಧೈರ್ಯವಾಗಿರು, ಎಲ್ಲಾ ಸರಿಹೋಗುತ್ತೆ” ಎನ್ನುವುದು ಸಾಂತ್ವನವೇ ಹೊರತು ಚಿಕಿತ್ಸೆಯಲ್ಲ. ಖಿನ್ನನಾದವನು ಕೆಲಸ ಬಿಡುತ್ತಾನೆ. ಬಿಟ್ಟಂತೆಲ್ಲ ಸಂತೋಷದ ಅವಕಾಶಗಳು ಕಡಿಮೆಯಾಗುತ್ತವೆ. ಖಿನ್ನತೆ ಇನ್ನೂ ಹೆಚ್ಚುತ್ತದೆ. ಈ ಸುಳಿಯನ್ನು ಮುರಿಯಲು ಸಲಹೆಗಾರರು ರೋಗಿಯೊಡನೆ ಕುಳಿತು ವಾರದ ಸಣ್ಣ ಸಣ್ಣ ಕೆಲಸಗಳನ್ನು ಗೊತ್ತುಪಡಿಸುತ್ತಾರೆ.

ಹುಳು ಸಾಕಣೆ ನಿಲ್ಲಿಸಿ ಮೂಲೆ ಹಿಡಿದ ಒಬ್ಬ ತಾಯಿ ಇದ್ದಾರೆ ಎಂದಿಟ್ಟುಕೊಳ್ಳೋಣ. ಮೊದಲ ವಾರ ಬೆಳಿಗ್ಗೆ ಹಿಪ್ಪುನೇರಳೆ ತೋಟದವರೆಗೆ ನಡೆದು ಬರುವುದು, ಅಕ್ಕನ ಮನೆಗೆ ಒಂದು ಸಲ ಹೋಗಿಬರುವುದು, ಇಷ್ಟೇ. ಮನಸ್ಸು ಬರಲಿ ಎಂದು ಕಾಯದೆ ಕೆಲಸ ಮಾಡುವುದು. ಮಾಡಿದ ಮೇಲೆ ಮನಸ್ಸು ಹೇಗಿತ್ತೆಂದು ಗಮನಿಸುವುದು. ಮುಂದಿನ ವಾರ ಇನ್ನೊಂದು ಹೆಜ್ಜೆ. ಕಾಯಕದ ಮಹತ್ವವನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ಆತಂಕದಲ್ಲಿ, ಹೆದರಿ ದೂರವಿಟ್ಟ ಸಂದರ್ಭಗಳನ್ನು ಹಂತಹಂತವಾಗಿ ಎದುರಿಸುವ ಅಭ್ಯಾಸ ಕೊಡುತ್ತಾರೆ.

ಗೋವಾದ ಅನುಭವ

ಇದಕ್ಕೆ ದೊಡ್ಡ ತಜ್ಞರೇ ಬೇಕೆಂದಿಲ್ಲ. ಗೋವಾದಲ್ಲಿ ‘ಸಂಗತ್’ ಸಂಸ್ಥೆಯು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತೀವ್ರ ಖಿನ್ನತೆಯ 493 ಮಂದಿಯ ಮೇಲೆ ಮೇಲಿನ ಮಾದರಿಯ ಚಿಕಿತ್ಸೆಯನ್ನು ಪರೀಕ್ಷಿಸಿತು. ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಆರರಿಂದ ಎಂಟು ಭೇಟಿಗಳಲ್ಲಿ ಚಿಕಿತ್ಸೆ ನೀಡಿದರು. ಮೂರು ತಿಂಗಳ ನಂತರ, ಆ ಚಿಕಿತ್ಸೆ ಪಡೆದವರಲ್ಲಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಆರೋಗ್ಯ ಕೇಂದ್ರದ ಆರೈಕೆ ಮಾತ್ರ ಪಡೆದವರಲ್ಲಿ ಶೇ. 39. ಫಲಿತಾಂಶವು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಚಿಕಿತ್ಸೆ ಪರಿಣಾಮಕಾರಿಯಾಗಲು ಅಳತೆಯೂ ಮುಖ್ಯ. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಎಂಬ ಪಟ್ಟಿಯಲ್ಲಿ 27ಕ್ಕೆ ಎಷ್ಟು ಅಂಕ ಬಂದಿದೆಯೆಂದು ಆಗಾಗ ನೋಡಬೇಕು. ಅಂಕ ಇಳಿಯದಿದ್ದರೆ ಮನೋವೈದ್ಯರ ಬಳಿ ಕಳುಹಿಸಬೇಕು.

ನಮ್ಮ ತಾಲ್ಲೂಕುಗಳಿಗೆ ಏನು ಬೇಕು?

ಮೊದಲನೆಯದು ಸಾಮೀಪ್ಯ. ಚಿಂತಾಮಣಿಯಿಂದ ನಿಮ್ಹಾನ್ಸ್‌ಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ಎಂಟು ಭೇಟಿಗೆ ಎಂಟು ದಿನದ ಕೂಲಿ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡನ್ನು ರಾಜ್ಯ ಸರ್ಕಾರ ಮಾಡಿದೆ. ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಬೇಕು.

ಎರಡನೆಯದು ಭಾಷೆ. ಈ ಗಡಿಸೀಮೆಯ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ರೇಷ್ಮೆ ನೂಲು ತೆಗೆಯುವ ಎಷ್ಟೋ ಕುಟುಂಬಗಳಲ್ಲಿ ಉರ್ದು. ದುಃಖವನ್ನು ಮನೆಮಾತಿನಲ್ಲಿಯೇ ಹೇಳಿಕೊಳ್ಳಲು ಅವಕಾಶವಿರಬೇಕು.

ಮೂರನೆಯದು ಸಮಯ. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳಿಗೆ ಹಗಲಿರುಳು ಸೊಪ್ಪು ಹಾಕುವ ವಾರದಲ್ಲಿ ಬಾ ಎಂದರೆ ಯಾರೂ ಬರಲಾರರು. ಗೂಡು ಮಾರಿದ ಮೇಲಿನ ದಿನಗಳಿಗೆ ಭೇಟಿಯನ್ನು ಗೊತ್ತುಮಾಡಬೇಕು.

ನಾಲ್ಕನೆಯದು ಗೌಪ್ಯತೆ. ಆಡಿದ ಮಾತು ಹೊರಗೆ ಹೋಗುವುದಿಲ್ಲವೆಂಬ ಭರವಸೆ ಇಲ್ಲದಿದ್ದರೆ ಬಾಯಿ ತೆರೆಯುವವರಿಲ್ಲ. ಮಠದ, ಶಾಲೆಯ ಒಂದು ಕೊಠಡಿಯನ್ನು ವಾರಕ್ಕೊಮ್ಮೆ ಇದಕ್ಕಾಗಿ ಬಿಟ್ಟುಕೊಟ್ಟರೆ ಅದೂ ದಾಸೋಹವೇ.

ಕೆಲವು ಎಚ್ಚರಿಕೆಗಳು

ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ಬ್ರಾಹ್ಮಿ, ಅಶ್ವಗಂಧಗಳನ್ನು ನೆಚ್ಚಿ ತಾನಾಗಿ ನಿಲ್ಲಿಸಬಾರದು. ಆಯುರ್ವೇದದ ಔಷಧ ತೆಗೆದುಕೊಳ್ಳುವವರು ಇಬ್ಬರು ವೈದ್ಯರಿಗೂ ತಿಳಿಸಬೇಕು. ಖಿನ್ನತೆಯ ಮಾತ್ರೆಗಳು ಗುಣ ತೋರಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ವೈದ್ಯರು ಹೇಳಿದಷ್ಟು ತಿಂಗಳು ಮುಂದುವರಿಸಬೇಕು. ತೀವ್ರ ಖಿನ್ನತೆಯಲ್ಲಿ ಮಾತ್ರೆ ಮತ್ತು ಮಾತು ಎರಡೂ ಜೊತೆಯಾಗಬೇಕಾಗುವುದುಂಟು.

“ಬದುಕಿ ಏನು ಪ್ರಯೋಜನ” ಎಂಬ ಮಾತು ಮನೆಯಲ್ಲಿ ಕೇಳಿಬಂದರೆ ಅದನ್ನು ಲಘುವಾಗಿ ಕಾಣಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೀಟನಾಶಕಗಳನ್ನು ಬೀಗದೊಳಗೆ ಇಡಬೇಕು. ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಉಚಿತವಾಗಿ, ಕನ್ನಡ, ತೆಲುಗು, ಉರ್ದು ಭಾಷೆಗಳಲ್ಲಿಯೂ ದೊರೆಯುತ್ತದೆ. ಈ ಸಂಖ್ಯೆಯನ್ನು ಓದುಗರು ತಮ್ಮ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಲಿ, ನೆರೆಮನೆಯವರಿಗೂ ತಿಳಿಸಲಿ.